ಒಂದು ಡಾಲರ್ ಒಲ್ಲೆ ಎಂದ ಮಿದುಳು

ಹತ್ತು ಡಾಲರ್ ಇದೆ. ಪಾಲು ಮಾಡುವವನು ಒಂಬತ್ತು ತಾನಿಟ್ಟುಕೊಂಡು ನಿಮಗೆ ಒಂದು ಕೊಡುತ್ತಾನೆ. ಒಪ್ಪಿದರೆ ಅದು ನಿಮ್ಮದು. ಒಲ್ಲೆ ಎಂದರೆ ಇಬ್ಬರಿಗೂ ಸೊನ್ನೆ. ಅಂಗಡಿ ಲೆಕ್ಕದಲ್ಲಿ ಒಂದು ಬಂದರೂ ಲಾಭವೇ. ಆದರೂ ಬಹಳ ಮಂದಿ ‘ಹೋಗಯ್ಯ, ನಿನಗೂ ಬೇಡ ನನಗೂ ಬೇಡ’ ಅಂತಾರೆ! ಪಾಲುದಾರಿಕೆ ಅಂಗಡಿ ಮುರಿದದ್ದನ್ನು ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ಡಾಕ್ಟರೇಟ್ ಆದ ಮೇಲೂ ಸಂಶೋಧನೆಗೆಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದ್ದ ಅಲನ್ ಸ್ಯಾನ್‌ಫಿ ಮತ್ತು ಸಂಗಡಿಗರು 19 ಜನರನ್ನು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಈ ಆಟ ಆಡಿಸಿದರು. ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು 2003ರಲ್ಲಿ. ಅನ್ಯಾಯದ ಪಾಲು ಕಂಡಾಗ ಮಿದುಳಿನ ಇನ್ಸುಲಾ ಎಂಬ ಭಾಗ ಚುರುಕಾಯಿತು. ಕೆಟ್ಟ ವಾಸನೆಗೆ ಹೇಸಿಗೆಪಡುವಾಗ ಚುರುಕಾಗುವುದೂ ಇದೇ. ಅದು ಹೆಚ್ಚು ಚುರುಕಾದವರು ಹೆಚ್ಚು ಸಲ ಒಲ್ಲೆ ಎಂದರು. ಅದೇ ಪುಡಿಗಾಸನ್ನು ಕಂಪ್ಯೂಟರ್ ಕೊಟ್ಟಾಗ ಮಾತ್ರ, ತೆಗೆದುಕೊಂಡದ್ದೇ ಜಾಸ್ತಿ.