ಹೊರದೇಶದಿಂದ ಮರಳುವ ಮಕ್ಕಳೂ ತೋಟದ ಹಕ್ಕುಪತ್ರವೂ



ನಮ್ಮ ಸಂಘದ ಕಚೇರಿಗೆ ಗೊಬ್ಬರದ ದರ, ಕಾಫಿ ಧಾರಣೆ ಕೇಳಿಕೊಂಡು ಬರುವವರ ನಡುವೆ ಈಚೆಗೆ ಬೇರೊಂದು ಬಗೆಯ ಪ್ರಶ್ನೆ ಕೇಳುವವರೂ ಹೆಚ್ಚುತ್ತಿದ್ದಾರೆ. "ಮಗ ದುಬೈ ಬಿಟ್ಟು ಬರುತ್ತೇನೆಂದು ಬರೆದಿದ್ದಾನೆ, ತೋಟವನ್ನು ಈಗಲೇ ಅವನ ಹೆಸರಿಗೆ ಮಾಡಿಬಿಡಲೇ?" "ಮಗಳು, ಅಳಿಯ ಅಮೆರಿಕದಿಂದ ವಾಪಸು ಬರುತ್ತಾರಂತೆ, ಪಕ್ಕದ ಮೂರು ಎಕರೆ ಮಾರಾಟಕ್ಕಿದೆ, ಅವರ ಹೆಸರಿಗೇ ಕೊಳ್ಳಬಹುದೇ?" ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಒಂದು ತಲೆಮಾರು ಇಂಜಿನಿಯರಿಂಗ್, ನರ್ಸಿಂಗ್ ಓದಿ ಹೊರಗೆ ಹೋಯಿತು. ಅವರಲ್ಲಿ ಕೆಲವರು ಈಗ ಹೆಂಡತಿ ಮಕ್ಕಳೊಡನೆ ಊರಿನ ಕಡೆ ಮುಖ ಮಾಡಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಈ ಪುಟದಲ್ಲಿ ಒಮ್ಮೆ ವಿವರವಾಗಿ ಬರೆಯುವುದು ಲೇಸೆಂದು ತೋರಿತು.

ಪರದೇಶದಿಂದ ಮರಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ತರುವಾಯ ಸಿಲೋನಿನ ಚಹಾ ತೋಟಗಳಿಂದ ಬಂದ ತಮಿಳು ಕುಟುಂಬಗಳಲ್ಲಿ ಹಲವರಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. 1990ರಲ್ಲಿ ಕುವೈತಿನ ಮೇಲೆ ಇರಾಕ್ ಬಿದ್ದಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. 2020ರ ಸಾಂಕ್ರಾಮಿಕದಲ್ಲಿ ಮತ್ತೆ ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಬಂದರು. ಅವರೆಲ್ಲ ಅನಿವಾರ್ಯವಾಗಿ ಬಂದವರು. ನಾನು ಇಲ್ಲಿ ಹೇಳಹೊರಟಿರುವುದು ಯೋಚಿಸಿ, ದಿನ ಗೊತ್ತುಮಾಡಿಕೊಂಡು ಬರುವವರ ವಿಚಾರ. ಅವರಿಗೆ ಸಮಯವಿದೆ, ಆ ಸಮಯದಲ್ಲಿ ಇಲ್ಲಿರುವ ತಂದೆ ತಾಯಿ ಒಂದು ಕಾಗದವನ್ನು ತಪ್ಪಾಗಿ ಬರೆದುಬಿಟ್ಟರೆ ಆ ಮುಂದಾಲೋಚನೆಯೆಲ್ಲ ವ್ಯರ್ಥವಾಗುತ್ತದೆ.

ಆ ಕಾಗದವೇ ದಾನಪತ್ರ.

ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಅಲ್ಪವಾದ್ದರಿಂದ ನಮ್ಮಲ್ಲಿ ಅದೇ ರೂಢಿ. ತಂದೆಗೆ ಮೈ ಹುಷಾರಿಲ್ಲವೆಂದ ಕೂಡಲೇ ಪತ್ರ ಬರಹಗಾರರ ಬಳಿ ಹೋಗಿ ಬರೆಸಿಬಿಡುತ್ತಾರೆ. ಆದರೆ ಹೊರದೇಶದಲ್ಲಿ ನೆಲೆಸಿರುವವರ ಮಟ್ಟಿಗೆ ರಾಜ್ಯದ ಕಂದಾಯ ಕಾನೂನಿನ ಮೇಲೆ ಇನ್ನೊಂದು ಕಾನೂನು ಇದೆ. ಅದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, ಜನ ಫೆಮಾ ಎನ್ನುವುದು ಇದನ್ನೇ. ಇದರಡಿಯ 2019ರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು, ಮತ್ತು ಸಾಗರೋತ್ತರ ಪೌರ ಕಾರ್ಡು, ಅಂದರೆ ಓಸಿಐ ಕಾರ್ಡು ಇರುವವರು ಭಾರತದಲ್ಲಿ ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಬಂಧುಗಳಿಂದ ದಾನವಾಗಿಯೂ ಪಡೆಯಬಹುದು. ಕೃಷಿ ಜಮೀನು, ಪ್ಲಾಂಟೇಶನ್ ಮತ್ತು ತೋಟದ ಮನೆ ಈ ಮೂರನ್ನು ಮಾತ್ರ ಕೊಳ್ಳುವಂತಿಲ್ಲ, ದಾನವಾಗಿ ಸ್ವೀಕರಿಸುವಂತೆಯೂ ಇಲ್ಲ. ನಮ್ಮ ಸದಸ್ಯರ ಆಸ್ತಿ ಈ ಮೂರರಲ್ಲೇ ಬರುತ್ತದೆ ಎಂಬುದನ್ನು ಗಮನಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿಯಾಯಿತು ಎಂದ ಮಾತ್ರಕ್ಕೆ ಫೆಮಾ ಒಪ್ಪಿತು ಎಂದಲ್ಲ. ಉಲ್ಲಂಘನೆಗೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಾಗಾದರೆ ಹೊರದೇಶದ ಮಕ್ಕಳಿಗೆ ತೋಟ ಸೇರುವ ದಾರಿಯೇ ಇಲ್ಲವೇ? ಇದೆ. ಉತ್ತರಾಧಿಕಾರದ ದಾರಿ ಪೂರ್ತಿ ತೆರೆದಿದೆ. ತಂದೆ ತಾಯಿಯ ಕಾಲಾನಂತರ ವಾರಸಾಗಿ ಬರುವ ಜಮೀನು ಕಾಫಿ ತೋಟವಾಗಲಿ ಗದ್ದೆಯಾಗಲಿ ಅನಿವಾಸಿಗಳಿಗೂ ಓಸಿಐ ಕಾರ್ಡಿನವರಿಗೂ ಸಲ್ಲುತ್ತದೆ. ಇಲ್ಲಿಯ ನಿವಾಸಿಯಾಗಿದ್ದಾಗಲೇ ಕೊಂಡಿದ್ದ ಜಮೀನನ್ನು ಹೊರದೇಶಕ್ಕೆ ಹೋದ ಮೇಲೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಮಾತ್ರ ಭಾರತದ ನಿವಾಸಿಗೇ ಮಾರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಬೆಳೆಗಾರರಿಗೆ ಮೂವರು ಮಕ್ಕಳು. ಹಿರಿಯ ಮಗ ದುಬೈಯಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟೇ ಇದೆ. ಎರಡನೆಯವಳು ಮಗಳು, ಅಮೆರಿಕದ ಪೌರತ್ವ ಪಡೆದು ಓಸಿಐ ಕಾರ್ಡು ಮಾಡಿಸಿಕೊಂಡಿದ್ದಾಳೆ. ಕಿರಿಯ ಮಗ ಊರಲ್ಲೇ ಇದ್ದು ತೋಟ ನೋಡುತ್ತಾನೆ. ಮೂವರಿಗೂ ಎರಡೆರಡು ಎಕರೆ ದಾನ ಬರೆದುಕೊಡಬೇಕೆಂದು ತಂದೆಯ ಆಸೆ. ಕಿರಿಯನ ಪತ್ರಕ್ಕೆ ಅಡ್ಡಿಯಿಲ್ಲ. ಹಿರಿಯನಿಗೆ ಇಂದು ಬರೆದರೆ ಸಲ್ಲದು. ಆದರೆ ಅವನು ಕೆಲಸ ಬಿಟ್ಟು, ಇನ್ನು ಇಲ್ಲಿಯೇ ಇರುವುದು ಎಂಬ ಉದ್ದೇಶದಿಂದ ಬಂದು ನೆಲೆಸಿದ ಮೇಲೆ ಫೆಮಾ ದೃಷ್ಟಿಯಲ್ಲಿ ನಿವಾಸಿಯಾಗುತ್ತಾನೆ, ಆಗ ದಾನ, ಕ್ರಯ ಎರಡೂ ಸಲ್ಲುತ್ತವೆ. ಯುಗಾದಿಗೆ ಬಂದು ಹದಿನೈದು ದಿನ ಇದ್ದು ಹೋಗುವುದು ಈ ಲೆಕ್ಕಕ್ಕೆ ಬಾರದು. ಮಗಳ ವಿಚಾರ ಬೇರೆ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ, ನಮ್ಮಲ್ಲಿ ಎರಡು ಪೌರತ್ವಗಳಿಲ್ಲ. 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆ ಓಸಿಐ ಕಾರ್ಡಿನವರಿಗೆ ಕೊಟ್ಟಿರುವ ಆಸ್ತಿ ಕೊಳ್ಳುವ ಹಕ್ಕಿನಲ್ಲೂ ಕೃಷಿ ಜಮೀನು, ತೋಟದ ಮನೆ, ಪ್ಲಾಂಟೇಶನ್‌ಗಳನ್ನು ಹೊರಗಿಟ್ಟಿದೆ. ಆಕೆಯ ಪಾಲು ಉತ್ತರಾಧಿಕಾರದ ದಾರಿಯಲ್ಲೇ ಬರಬೇಕು. ಆದ್ದರಿಂದ ಈ ತಂದೆ ಮಾಡತಕ್ಕದ್ದು ವಿಲ್. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು), ಇಬ್ಬರು ಸಾಕ್ಷಿಗಳ ರುಜು ಮಾತ್ರ ಬೇಕೇ ಬೇಕು.

ವಿಲ್ಲಿನಲ್ಲಿ ಬರೆಯಬಹುದಾದದ್ದು ಸ್ವಯಾರ್ಜಿತ ಆಸ್ತಿ ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲು, ಅಷ್ಟೇ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಬಂದಿದೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಕೇಂದ್ರ 2005ರಲ್ಲಿ ಮಾಡಿತು, ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಉಳಿದ ಸಂದೇಹವನ್ನೂ ತೀರಿಸಿತು. ಮದುವೆಯಾಗಿ ಪರದೇಶಕ್ಕೆ ಹೋದಳು, ಇನ್ನೇಕೆ ಪಾಲು ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಕುಟುಂಬದ ವಿಭಾಗ ಪತ್ರ ಬರೆಸುವ ಮುನ್ನ ಫೆಮಾ ಬಲ್ಲ ವಕೀಲರಿಗೊಮ್ಮೆ ತೋರಿಸುವುದು ವಿಹಿತ.

ಹಲವರು ಈ ಕಟ್ಟಳೆಯನ್ನು ಭೂಸುಧಾರಣೆ ಕಾಯಿದೆಯೊಂದಿಗೆ ಬೆರೆಸಿಕೊಳ್ಳುತ್ತಾರೆ. 1961ರ ಆ ಕಾಯಿದೆಯ 79ಎ, 79ಬಿ ಕಲಮುಗಳು ಹೆಚ್ಚು ಆದಾಯವಿದ್ದವರು ಮತ್ತು ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವು ಹೋದವು. ಅದನ್ನು ಪತ್ರಿಕೆಯಲ್ಲಿ ಓದಿದವರು "ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದಂತೆ" ಎಂದು ಪರದೇಶದ ಮಕ್ಕಳಿಗೆ ತಿಳಿಸಿಬಿಟ್ಟರು. ರಾಜ್ಯದ ಬಾಗಿಲು ತೆರೆಯಿತೇ ಹೊರತು ಕೇಂದ್ರದ ಬಾಗಿಲು ಹಾಗೆಯೇ ಇದೆ.

ಇನ್ನು ಪಹಣಿ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಖಾತೆ ಅವರ ಹೆಸರಲ್ಲೇ ಇರುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿಲ್ಲ! ಮಕ್ಕಳು ಊರಿನಲ್ಲೇ ಇದ್ದಾಗ ಇದು ಹೇಗೋ ನಡೆದುಹೋಗುತ್ತದೆ. ಒಬ್ಬ ಮಗ ಪರದೇಶದಲ್ಲಿದ್ದರೆ ಬೆಳೆ ಸಾಲ, ಬೆಳೆ ಪರಿಹಾರ, ಮಾರಾಟ ಎಲ್ಲಕ್ಕೂ ಅವನ ರುಜು ಬೇಕಾಗಿ ಕೆಲಸ ನಿಲ್ಲುತ್ತದೆ. ಮರಣ ಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಕೊಟ್ಟು, ವಾರಸುದಾರರೆಲ್ಲರ ಹೆಸರನ್ನೂ ಸೇರಿಸಿ. ಊರಲ್ಲಿರುವವನ ಹೆಸರೊಂದೇ ಹಾಕಿಸಿ "ಆಮೇಲೆ ನೋಡಿಕೊಂಡರಾಯಿತು" ಎಂದಲ್ಲಿ ಆ ಆಮೇಲೆ ಎಂಬುದು ನ್ಯಾಯಾಲಯದ ಮೆಟ್ಟಿಲ ಮೇಲೆ ಬರುತ್ತದೆ. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕಾರ್ಯವೂ ನಡೆದಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಊರಿಗೆ ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು. ಓಸಿಐ ಕಾರ್ಡಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದಿರಬೇಕು.

ಬರಲಾಗದವರು ಮುಖ್ತ್ಯಾರ್ ಪತ್ರ ಕಳುಹಿಸುತ್ತಾರೆ. ಅದನ್ನು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮುಖ್ತ್ಯಾರ್ ಪತ್ರದ ಮೇಲೆ ಜಮೀನು "ಕೊಳ್ಳುವ" ಪದ್ಧತಿಗೆ ಹಕ್ಕು ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಕಾಗದದ ಮಾತು ಸಾಕು, ನೆಲದ ಮಾತಿಗೆ ಬರೋಣ. ಮರಳುವವರು ನೆನಪಿನಲ್ಲಿ ಇಟ್ಟುಕೊಂಡಿರುವ ತೋಟ ಒಂದು, ಇಲ್ಲಿರುವ ತೋಟ ಇನ್ನೊಂದು. ಕಾಫಿ ಬೋರ್ಡಿನ ಪೂಲಿಗೆ ಫಸಲು ಹಾಕಿ ಕಂತಿನ ಹಣಕ್ಕೆ ಕಾಯುತ್ತಿದ್ದ ಕಾಲದಲ್ಲಿ ಹೋದವರಿಗೆ, 1996ರಿಂದ ಮಾರಾಟ ಪೂರ್ತಿ ಮುಕ್ತವಾಗಿ, ಯಾವ ದಿನ ಯಾರಿಗೆ ಮಾರಬೇಕೆಂಬ ಹೊಣೆ ಬೆಳೆಗಾರನ ತಲೆಯ ಮೇಲೇ ಬಿದ್ದಿದೆ ಎಂಬುದು ಅನುಭವದಲ್ಲಿ ಇರುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಕಾಡಂಚಿನ ಜಮೀನಿನಲ್ಲಿ ಹೋಂ ಸ್ಟೇ ಕಟ್ಟಿ ನೆಮ್ಮದಿಯಾಗಿರುವ ಯೋಚನೆ ಇದ್ದವರು ಮೊದಲು ತಮ್ಮ ಸರ್ವೆ ನಂಬರು ಆ ವಲಯದೊಳಗೆ ಇದೆಯೇ ಎಂದು ನೋಡಬೇಕು. ಆನೆಗಳು ಅಧಿಸೂಚನೆಯ ಗೆರೆ ನೋಡಿ ಬರುವುದಿಲ್ಲ ಎಂಬುದು ಬೇರೆ ಮಾತು.

ಅಡಿಕೆಯ ಹುಚ್ಚು ಈಗ ಬಯಲಿಗೂ ಹಬ್ಬಿದೆ. ಗುಂಡ್ಲುಪೇಟೆಯ ಬಯಲು ನೀಲಗಿರಿಯ ಮಳೆ ನೆರಳಿನಲ್ಲಿರುವ ಭೂಮಿ. ಮುಂಗಾರಿಗೆ ಮುಂಚಿನ ಮಳೆ ಮತ್ತು ಹಿಂಗಾರು ನಂಬಿ ಅರಿಸಿನ, ಚೆಂಡು ಹೂ, ಈರುಳ್ಳಿ, ಸೂರ್ಯಕಾಂತಿ ಬೆಳೆದ ಸೀಮೆ. ಹನಿ ನೀರಾವರಿಯಲ್ಲೇ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಒಂಬತ್ತು ಅಡಿಗೊಂದರಂತೆ ಎಕರೆಗೆ ಸುಮಾರು 550 ಗಿಡ. ಅಂದರೆ ಎಕರೆಯೊಂದಕ್ಕೆ ದಿನವೂ 9,000ದಿಂದ 11,000 ಲೀಟರ್. ಮೊದಲ ಗೊನೆಗೆ ಐದಾರು ವರ್ಷ ಕಾಯಬೇಕು, ಅಷ್ಟು ಕಾಲವೂ ಬೋರ್‌ವೆಲ್ ಬತ್ತಬಾರದು. ತಂದ ಹಣವನ್ನೆಲ್ಲ ಮೊದಲ ವರ್ಷವೇ ಸಸಿ, ಬೋರು, ತಂತಿ ಬೇಲಿಗೆ ಸುರಿಯುವವರನ್ನು ಕಂಡಾಗ ನನಗೆ ಅಳುಕಾಗುತ್ತದೆ. ಒಂದು ಬೇಸಿಗೆ ಬೋರಿನ ನೀರು ಅಳೆದು ನೋಡಲಿ. ಒಂದು ವರ್ಷ ಮರಗಸಿಯಿಂದ ಕೊಯ್ಲು, ಕಣದವರೆಗೆ ಆಳುಗಳ ಜೊತೆ ನಿಲ್ಲಲಿ.

ಇದಕ್ಕೂ ಮುಂಚೆ ಜಮೀನು ಯಾರ ಕೈಯಲ್ಲಿದೆ ಎಂದು ತಿಳಿಯಬೇಕು. ಭೂಸುಧಾರಣೆ ಕಾಯಿದೆಯಲ್ಲಿ ಗೇಣಿಗೆ ಕೊಡುವುದು ನಿಷಿದ್ಧವಾದರೂ ಶುಂಠಿ ಬೆಳೆಗೆ ಬಾಯಿಮಾತಿನ ಗುತ್ತಿಗೆ ಇಲ್ಲಿ ಧಾರಾಳವಾಗಿ ನಡೆದಿದೆ. ಶುಂಠಿ ಎದ್ದ ನೆಲದ ಮಣ್ಣು ಪರೀಕ್ಷೆ ಮಾಡಿಸದೆ ಏನನ್ನೂ ನೆಡಬೇಡಿ.

ಇಷ್ಟೆಲ್ಲಕ್ಕಿಂತ ಸೂಕ್ಷ್ಮವಾದದ್ದು ಊರಲ್ಲಿ ಉಳಿದವನ ಪಾಲು. ಮೇಲಿನ ಉದಾಹರಣೆಯ ಕಿರಿಯ ಮಗನನ್ನು ನೆನೆಯಿರಿ. ಅವನು ಇಪ್ಪತ್ತು ವರ್ಷ ತೋಟಕ್ಕೆ ದುಡಿದ, ತಂದೆ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ, ಧಾರಣೆ ಬಿದ್ದ ವರ್ಷ ಸಾಲ ಮಾಡಿ ತೀರಿಸಿದ. ಅಣ್ಣ ಹಣ ಕಳುಹಿಸಿದ್ದೂ ನಿಜ. ಆ ಹಣದಲ್ಲೇ ಪಂಪು ಬಂತು, ಮನೆಯ ಮಾಡು ಬದಲಾಯಿತು. ಕಾನೂನು ಮೂವರಿಗೂ ಸಮಪಾಲು ಎನ್ನುತ್ತದೆ, ದುಡಿಮೆಯನ್ನು ಎಣಿಸುವುದಿಲ್ಲ. ಅಣ್ಣ ಬಂದಿಳಿದ ದಿನದಿಂದ ತಮ್ಮ ತನ್ನದೇ ತೋಟದಲ್ಲಿ ಮೇಸ್ತ್ರಿಯಂತೆ ನಿಲ್ಲಬೇಕಾದರೆ ಆ ಮನೆಯಲ್ಲಿ ಒಲೆ ಎರಡಾಗಲು ತಡವಿಲ್ಲ. ತಂದೆ ಬದುಕಿರುವಾಗಲೇ, ವಿಮಾನದ ಟಿಕೆಟ್ಟು ತೆಗೆಯುವ ಮೊದಲೇ, ಯಾರ ಹಣ ಎಷ್ಟು, ಯಾರ ದುಡಿಮೆ ಎಷ್ಟು ವರ್ಷ, ಸಾಲ ಯಾರ ಹೆಸರಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಮೂವರೂ ರುಜು ಹಾಕಲಿ. ಉಳಿದವನಿಗೆ ಒಂದಿಷ್ಟು ಹೆಚ್ಚು ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಸ್ವಯಾರ್ಜಿತದ ಮಟ್ಟಿಗೆ ವಿಲ್ಲಿನಲ್ಲಿ ಅದಕ್ಕೆ ಅವಕಾಶವೂ ಇದೆ.

ಹಣದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಮರಳಿ ನೆಲೆಸಿದ ಕೂಡಲೇ ಬ್ಯಾಂಕಿಗೆ ತಿಳಿಸಿ ಎನ್.ಆರ್.ಇ. ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಅಥವಾ ಆ ಹಣವನ್ನು ಮರಳಿದವರಿಗೆಂದೇ ಇರುವ ವಿದೇಶಿ ಹಣದ ಖಾತೆಗೆ ಹಾಕಬೇಕು. ಹೊರಗೆ ಇದ್ದಾಗ ಅಲ್ಲಿ ಕೊಂಡ ಮನೆ, ಉಳಿತಾಯ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ ಮೊದಲ ಎರಡು ಮೂರು ವರ್ಷ ಹೊರದೇಶದ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳದು. ಆ ಅವಧಿಯೊಳಗೆ ಲೆಕ್ಕ ಪರಿಶೋಧಕರನ್ನು ಕಂಡು ಅಲ್ಲಿಯ ವ್ಯವಹಾರ ಮುಗಿಸಿಕೊಳ್ಳುವುದು ಜಾಣತನ.

ಮಕ್ಕಳಿಗೆ ಬಂದರೆ, ವಯಸ್ಸೇ ಮುಖ್ಯ. 2015ರ ಕಾಯಿದೆಯಂತೆ ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ಎರಡನೇ ತರಗತಿಯ ಮಗು ಆರು ತಿಂಗಳಲ್ಲಿ ಬೀದಿಯಲ್ಲೇ ಕಲಿತುಬಿಡುತ್ತದೆ, ಒಂಬತ್ತನೆಯವನು ತಿಣುಕುತ್ತಾನೆ. ವೃತ್ತಿ ಶಿಕ್ಷಣದ ಸರ್ಕಾರಿ ಸೀಟಿಗೆ ಸಾಮಾನ್ಯ ದಾರಿಯಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವಿದೆ. ಹೊರದೇಶದ ಪೌರರಾದ ಮಕ್ಕಳು ಭಾರತೀಯರಿಗೇ ಮೀಸಲಾದ ಸೀಟುಗಳಿಗೆ ಅರ್ಹರಲ್ಲ ಎಂದು ಮೇಲೆ ಹೇಳಿದ 2021ರ ಅಧಿಸೂಚನೆ ಹೇಳಿದೆ. ಅದಕ್ಕೂ ಮುಂಚೆ ಓಸಿಐ ಕಾರ್ಡು ಪಡೆದವರಿಗೆ 2023ರಲ್ಲಿ ಸುಪ್ರೀಂ ಕೋರ್ಟು ಹಳೆಯ ಹಕ್ಕನ್ನು ಉಳಿಸಿಕೊಟ್ಟಿದೆ. ಮಗುವಿನ ಕಾರ್ಡಿನ ಮೇಲಿನ ತಾರೀಕು ನೋಡಿಕೊಳ್ಳಿ.

ಕೊನೆಯದಾಗಿ ಸಂಘದ ಮಾತು. ತಂದೆಯ ಸದಸ್ಯತ್ವ ಪಹಣಿಯೊಡನೆ ತಾನಾಗಿ ಮಗನಿಗೆ ಬರುವುದಿಲ್ಲ. ಮರಳಿ ನೆಲೆಸಿದವರು ಹೊಸದಾಗಿ ಅರ್ಜಿ ಕೊಡಬೇಕು. ಜಮೀನಿನ ದಾಖಲೆ ಮತ್ತು ವಾಸಸ್ಥಳದ ದಾಖಲೆ ಎರಡನ್ನೂ ಲಗತ್ತಿಸಬೇಕು. ಹಿರಿಯ ಸದಸ್ಯರಲ್ಲಿ ಬಹಳ ಮಂದಿ ಷೇರಿಗೆ ನಾಮನಿರ್ದೇಶನವನ್ನೇ ಮಾಡಿಲ್ಲ. ಕೆಲವರು ಹಿಂದೆ ಮಾಡಿದ ನಾಮನಿರ್ದೇಶಿತರು ತೀರಿಕೊಂಡಿದ್ದಾರೆ. ನಮೂನೆ ಕಚೇರಿಯಲ್ಲಿ ದೊರೆಯುತ್ತದೆ. ಬರುವಾಗ ಷೇರು ಸರ್ಟಿಫಿಕೇಟು ಮತ್ತು ಇತ್ತೀಚಿನ ಪಹಣಿ ತನ್ನಿ.