ರೋಟಾವೇಟರ್‌ಗೆ 'ಡೈಮಂಡ್ ಕೋಟಿಂಗ್' ಬ್ಲೇಡ್ ತಗೊಳ್ಳೋ ಮುಂಚೆ ಇದನ್ನ ಓದ್ರಿ



ಮುಂಗಾರಿನ ತಯಾರಿ ಶುರುವಾದಾಗಿಂದ ನನ್ನ ವಾಟ್ಸಾಪ್‌ಗೆ ಒಂದೇ ವಿಡಿಯೋ ಮತ್ತೆ ಮತ್ತೆ ಬರ್ತಾ ಇದೆ. ಕರ್ರಗೆ ಮಿಂಚುವ ರೋಟಾವೇಟರ್ ಬ್ಲೇಡು, ಅದರ ಮೇಲೆ ಅರ ಹಾಕಿ ತಿಕ್ಕಿದ್ರೂ ಗೀರು ಬೀಳಲ್ಲ. 'ಪ್ಲಾಸ್ಮಾ ಡೈಮಂಡ್ ಕೋಟಿಂಗ್, ಸವೆಯೋ ಮಾತೇ ಇಲ್ಲ' ಅಂತ ಹಿಂದೆ ದನಿ. ಶಹಾಪುರ ಕಡೆಯ ಹುಡುಗನೊಬ್ಬ ಕೇಳಿದ: "ಸರ್, ಮಾಮೂಲಿ ಸೆಟ್ಟಿನ ಎರಡು ಪಟ್ಟು ರೇಟ್ ಹೇಳ್ತಾರ. ತಗೋಬೇಕೋ ಬ್ಯಾಡೋ?"

ಬ್ಯಾಡ. ಹಂಗಂತ ಆ ಕೋಟಿಂಗ್ ಅನ್ನೋದೇ ಸುಳ್ಳು ಅಂತ ತಿಳೀಬ್ಯಾಡ್ರಿ. ಅದು ನಿಜವಾದ ವಿದ್ಯೆ. ನಿಮ್ಮದು ಹೊಸ ದೊಡ್ಡ ಟ್ರ್ಯಾಕ್ಟರ್ ಆಗಿದ್ರೆ ಅದರ ಇಂಜಿನ್ನಿನೊಳಗೆ ಆ ಕೋಟಿಂಗ್ ಈಗಾಗಲೇ ಕೂತಿರೋ ಸಾಧ್ಯತೆ ಇದೆ. ಬ್ಲೇಡಿಗೆ ದುಡ್ಡು ಹಾಕೋದಕ್ಕಿಂತ ಅದನ್ನ ಕಾಪಾಡಿಕೊಳ್ಳೋದು ದೊಡ್ಡ ಲಾಭ.

ವಜ್ರ ಅಲ್ಲ, ವಜ್ರದಂಥದ್ದು

ಇದರ ಹೆಸರು ಡೈಮಂಡ್ ಲೈಕ್ ಕಾರ್ಬನ್, ಚಿಕ್ಕದಾಗಿ ಡಿಎಲ್‌ಸಿ. ಪೆನ್ಸಿಲ್ ಕಡ್ಡಿಯೂ ಇಂಗಾಲ, ವಜ್ರವೂ ಇಂಗಾಲ. ಪರಮಾಣುಗಳು ಒಂದಕ್ಕೊಂದು ಕೈ ಹಿಡಿದಿರೋ ರೀತಿ ಮಾತ್ರ ಬೇರೆ. ಡಿಎಲ್‌ಸಿಯಲ್ಲಿ ಎರಡೂ ಬಗೆಯ ಹಿಡಿತ ಕಲೆತಿರುತ್ತದೆ. ಹಾಗಾಗಿ ಅದು ಗಟ್ಟಿಯೂ ಹೌದು, ಜಾರುವಂಥದ್ದೂ ಹೌದು. 1971ರಲ್ಲಿ ಐಸೆನ್‌ಬರ್ಗ್ ಮತ್ತು ಶಾಬೋ ಎಂಬ ಇಬ್ಬರು ವಿಜ್ಞಾನಿಗಳು ಇಂಥ ಪದರದ ಬಗ್ಗೆ ಬರೆದ ಮೇಲೆ ಈ ಹೆಸರು ಚಾಲ್ತಿಗೆ ಬಂತು. 1998ರಲ್ಲಿ ಬಂದ ಗಿಲೆಟ್ ಮ್ಯಾಕ್3 ಶೇವಿಂಗ್ ಬ್ಲೇಡಿನ ಅಂಚಿನಲ್ಲೂ ಇದೇ ಇತ್ತು.

ಹಾಕೋದು ಹೆಂಗೆ? ಬಣ್ಣ ಬಳಿದಂಗೆ ಅಲ್ಲ. ಉಕ್ಕಿನ ಭಾಗಗಳನ್ನ ಚೊಕ್ಕ ತೊಳೆದು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗಿನ ಗಾಳಿಯನ್ನೆಲ್ಲ ಹೊರಗೆ ಎಳೀತಾರೆ. ಮೊದಲು ಆರ್ಗಾನ್ ಅನಿಲ ಬಿಟ್ಟು ಕರೆಂಟ್ ಕೊಟ್ಟರೆ ಅದು ಟ್ಯೂಬ್‌ಲೈಟಿನೊಳಗಿನ ಹಾಗೆ ಹೊಳೆಯೋಕೆ ಶುರುವಾಗುತ್ತದೆ. ಅದೇ ಪ್ಲಾಸ್ಮಾ. ಆ ಆರ್ಗಾನ್ ಕಣಗಳು ಉಕ್ಕಿಗೆ ಬಡಿದು ಮೇಲಿನ ಕಿಲುಬು, ಜಿಡ್ಡಿನ ಕೊನೇ ಪದರವನ್ನೂ ಕಿತ್ತು ಹಾಕುತ್ತವೆ. ಆಮೇಲೆ ಹಿಡಿತಕ್ಕೆ ಕ್ರೋಮಿಯಂನಂಥ ಲೋಹದ ಒಂದು ತೆಳು ಪದರ. ಕೊನೆಗೆ ಅಸಿಟಿಲಿನ್ ಬಿಡ್ತಾರೆ. ಇದು ಗ್ಯಾಸ್ ವೆಲ್ಡಿಂಗ್‌ನವರ ಹತ್ರ ಇರೋ ಅದೇ ಅನಿಲ. ಮಾವಿನಕಾಯಿ ಹಣ್ಣು ಮಾಡಾಕ ಕದ್ದು ಇಡೋ ಕಾರ್ಬೈಡ್ ಕಲ್ಲಿಗೆ ನೀರು ತಾಗಿದ್ರೆ ಬರೋದೂ ಇದೇ. ಪ್ಲಾಸ್ಮಾದಲ್ಲಿ ಅದು ಒಡೆದು, ಇಂಗಾಲದ ಕಣಗಳು ರಭಸದಿಂದ ಉಕ್ಕಿಗೆ ಬಡಿದು ಕೂರುತ್ತವೆ. ಇಷ್ಟೆಲ್ಲ ಆದರೂ ಉಕ್ಕು ಸುಮಾರು 200 ಡಿಗ್ರಿ ಆಸುಪಾಸಿನಲ್ಲೇ ಇರೋದರಿಂದ ಅದಕ್ಕೆ ಕೊಟ್ಟ ಹದ ಕೆಡೋದಿಲ್ಲ.

ಹೀಗೆ ಕೂತ ಪದರದ ದಪ್ಪ ಎಷ್ಟು ಗೊತ್ತೇನ್ರಿ? ಸಾಮಾನ್ಯವಾಗಿ 1ರಿಂದ 4 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್. ಈ ಒಂದು ಅಂಕಿ ನೆನಪಿಟ್ಟುಕೊಂಡ್ರೆ ಸಾಕು, ಮುಂದಿನದೆಲ್ಲ ನಿಮಗೇ ತಿಳೀತದೆ.

ಮಣ್ಣಿಗೆ ಇದು ಯಾಕೆ ಆಗಲ್ಲ

ಶಹಾಪುರ, ಸುರಪುರದ ಗುಡ್ಡಗಳೆಲ್ಲ ಗ್ರಾನೈಟ್. ಅದು ಪುಡಿಯಾಗಿ ಬಂದ ಮಸಾರಿ ಹೊಲದಲ್ಲಿ ಬಿಳಿಗಲ್ಲಿನ ಚೂರು, ಗರಸು ತುಂಬಿರ್ತದೆ. ಆ ಬಿಳಿಗಲ್ಲಿನ ಗಟ್ಟಿತನ ವಿಕರ್ಸ್ ಲೆಕ್ಕದಲ್ಲಿ ಸುಮಾರು 1000. ಹದ ಕೊಟ್ಟ ಬ್ಲೇಡಿನ ಉಕ್ಕು 400-500. ಡಿಎಲ್‌ಸಿ 2000 ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಕಾಗದದ ಮೇಲೆ ನೋಡಿದ್ರೆ ಡಿಎಲ್‌ಸಿ ಗೆಲ್ಲಬೇಕು.

ಆದ್ರೆ ರೋಟಾವೇಟರ್ ಬ್ಲೇಡು ಉಜ್ಜಿಸಿಕೊಳ್ಳೋದಷ್ಟೇ ಅಲ್ಲ, ಪೆಟ್ಟೂ ತಿನ್ನುತ್ತದೆ. ಕಲ್ಲು ಬಡಿದಾಗ ಕೆಳಗಿನ ಉಕ್ಕು ಒಂದಿಷ್ಟು ತಗ್ಗುತ್ತದೆ, ಮೇಲಿನ ಪದರ ಬಗ್ಗೋದಿಲ್ಲ. ಹಸಿ ಮಣ್ಣಿನ ಮೇಲೆ ಹಪ್ಪಳ ಹಾಸಿ ಕಾಲಿಟ್ಟಂಗ! ಪದರ ಚೂರಾಗಿ ಏಳುತ್ತದೆ. ಒಂದು ಸೀಸನ್ನಿನಲ್ಲಿ ಬ್ಲೇಡಿನ ತುದಿ ಸವೆಯೋದು ಮಿಲಿಮೀಟರ್ ಲೆಕ್ಕದಲ್ಲಿ. 2 ಮೈಕ್ರಾನ್ ಪದರ ಅಲ್ಲಿ ಎಷ್ಟು ಹೊತ್ತು ನಿಂತೀತು? ವಿಡಿಯೋದಲ್ಲಿ ಅರ ಜಾರಿದ್ದು ನಿಜವೇ ಇರಬಹುದು. ಅರ ಏನು ಕಲ್ಲಿನ ಹಾಗೆ ಬಡಿಯೋದಿಲ್ಲ. ಬರೀ ಕರಿ ಬಣ್ಣ ಬಳಿದು ಡೈಮಂಡ್ ಅನ್ನೋರೂ ಇರ್ತಾರೆ ಅನ್ನೋದು ಬೇರೆ ಮಾತು.

ಮಣ್ಣಿಗೆ ಇಳಿಯೋ ಸಾಮಾನಿಗೆ ಬೇಕಾದ್ದು ದಪ್ಪ. ಬೋರಾನ್ ಉಕ್ಕಿನ, ಸರಿಯಾಗಿ ಹದ ಕೊಟ್ಟ ಬ್ಲೇಡ್ ತಗೊಳ್ಳಿ. ಬಿಲ್ಲಿನಲ್ಲಿ ಅದನ್ನ ಬರೆಸಿಕೊಳ್ಳಿ. ಮಸಾರಿಯಲ್ಲೇ ಜಾಸ್ತಿ ಓಡಿಸೋರು ತುದಿಗೆ ಹಾರ್ಡ್‌ಫೇಸಿಂಗ್ ರಾಡಿನಿಂದ 2-3 ಮಿಲಿಮೀಟರ್ ವೆಲ್ಡಿಂಗ್ ಮಾಡಿಸಬಹುದು. ಅಂದ್ರೆ ಆ ಕೋಟಿಂಗಿನ ಸಾವಿರ ಪಟ್ಟು ದಪ್ಪ. ಒಂದೇ ಸಲಕ್ಕೆ ಕೆಂಪಗೆ ಕಾಯಿಸದೆ ಸಣ್ಣ ಸಣ್ಣ ಗೆರೆ ಎಳೀಬೇಕು, ಬೋಲ್ಟ್ ತೂತಿನ ಹತ್ರ ಹೋಗಬಾರದು. ಅಪ್ಪಟ ಎರಿ ಹೊಲದವರಿಗೆ ಇದರ ಗರಜು ಕಡಿಮೆ. ಅನುಮಾನ ಇದ್ರೆ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲೋ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ, ಆಮೇಲೆ ದುಡ್ಡು ಬಿಚ್ಚಿ.

ಅದರ ಅಸಲಿ ಜಾಗ

ಡಿಎಲ್‌ಸಿಗೆ ಹೇಳಿ ಮಾಡಿಸಿದ ಜಾಗ ಡೀಸೆಲ್ ಇಂಜೆಕ್ಟರ್ ಮತ್ತು ಹೈ ಪ್ರೆಷರ್ ಪಂಪ್. ನಮ್ಮ ಹಿರಿಯರು ಈಗಲೂ 'ಮೈಕೋ ಪಂಪು' ಅಂತಾರಲ್ಲ, 1951ರಲ್ಲಿ ಶುರುವಾದ ಆ ಮೈಕೋ ಇವತ್ತಿನ ಬಾಶ್ ಕಂಪನಿ. ಬಾಶ್ 1990ರ ದಶಕದ ನಡುವಿನಿಂದಲೇ ಡೀಸೆಲ್ ಭಾಗಗಳಿಗೆ ಈ ಪದರ ಹಾಕ್ತಾ ಬಂದಿದೆ.

2023ರ ಜನವರಿ 1ರಿಂದ 50 ಎಚ್‌ಪಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂತು. ಇವುಗಳಲ್ಲಿ ಬಹುಪಾಲು ಕಾಮನ್ ರೈಲ್ ಇಂಜಿನ್. ಹಿಂದಿನ ಟೈರಿನಲ್ಲಿ ಗಾಳಿ ಸುಮಾರು 1 ಬಾರ್ ಇರ್ತದೆ. ಕಾಮನ್ ರೈಲಿನಲ್ಲಿ ಡೀಸೆಲ್ ಸಾವಿರ ಬಾರ್ ದಾಟಿ ಹೋಗುತ್ತದೆ. ಇಂಜೆಕ್ಟರಿನ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಬರೀ ಕೆಲವು ಮೈಕ್ರಾನ್. ಅಲ್ಲಿ ಗ್ರೀಸ್ ಇಲ್ಲ, ಆಯಿಲ್ ಇಲ್ಲ, ಡೀಸೆಲ್ಲೇ ಎಲ್ಲ. ಅಲ್ಲಿ ಜಾರುವ ಗಟ್ಟಿ ಪದರ ಬೇಕೇ ಬೇಕು, ಕೆಳಗಿನ ಉಕ್ಕೂ ಅದನ್ನ ಹೊರುವಷ್ಟು ಗಟ್ಟಿ ಇರ್ತದೆ.

ಇದನ್ನ ಕೊಲ್ಲೋದು ನೀರು ಮತ್ತು ಧೂಳು. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆ ಕೆಸರು ಮಾಡೋ ಅವಸರದಲ್ಲಿ, ಹೊಲದ ಬದುವಿನ ಮೇಲೇ ಕ್ಯಾನಿನಿಂದ ಡೀಸೆಲ್ ಸುರೀತೀವಿ. ಮೇಲೆ ಪಂಚೆ ಬಟ್ಟೆಯ ಸೋಸು! ಬಟ್ಟೆಯ ಕಣ್ಣು ಬಲು ದೊಡ್ಡದು. ನಾವು ತಡೀಬೇಕಾದ ಧೂಳು ನಾಕೈದು ಮೈಕ್ರಾನ್. ಬ್ಯಾರಲ್ಲಿನ ಡೀಸೆಲ್ ಒಂದು ರಾತ್ರಿ ನಿಲ್ಲಲಿ, ತಳದ ಒಂದು ಗೇಣು ಬಿಟ್ಟು ಮೇಲಿನದನ್ನ ತಗೊಳ್ಳಿ. ಟ್ಯಾಂಕನ್ನ ಸಂಜೆಯೇ ತುಂಬಿಸಿ. ಖಾಲಿ ಬಿಟ್ಟರೆ ರಾತ್ರಿ ಒಳಗಿನ ಗಾಳಿ ತಣ್ಣಗಾಗಿ ಬೆವರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ವಾಟರ್ ಸೆಪರೇಟರ್ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ. ಹೊಸ ಫಿಲ್ಟರಿಗೆ ಕ್ಯಾನಿನ ಡೀಸೆಲ್ ತುಂಬಿ ಕೂರಿಸಬ್ಯಾಡ್ರಿ, ಅದು ಸೋಸದ ಡೀಸೆಲ್ಲು; ಕೈ ಪಂಪಿನಿಂದಲೇ ಎಳೀರಿ. ನಾಝಲ್ ಬಿಚ್ಚಿ ಎಮರಿ ಪೇಪರ್ ಇಲ್ಲವೇ ತಂತಿ ಬ್ರಶ್ ಹಾಕಿ ತಿಕ್ಕೋ ಮೇಸ್ತ್ರಿ ಕೈಗೆ ಕಾಮನ್ ರೈಲ್ ಇಂಜಿನ್ ಕೊಡಲೇಬ್ಯಾಡ್ರಿ.

ಇನ್ನೊಂದು, ಇದು ಜೀವದ ಮಾತು. ಹಳೇ ಇಂಜಿನ್ನಿನಲ್ಲಿ ಯಾವ ಸಿಲಿಂಡರ್ ಮಿಸ್ ಹೊಡೀತದೆ ಅಂತ ನೋಡಾಕ ಚಾಲೂ ಇಂಜಿನ್ನಿನ ಪೈಪಿನ ನಟ್ ಸಡಿಲಿಸೋ ರೂಢಿ ಇದೆ. ಕಾಮನ್ ರೈಲಿನಲ್ಲಿ ಅದನ್ನ ಮಾಡಲೇಬಾರದು. ಕೂದಲೆಳೆಯಷ್ಟು ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರಿಕೆ ಎಲ್ಲಿ ಅಂತ ಬೆರಳಿಂದ ಮುಟ್ಟಬ್ಯಾಡ್ರಿ, ರಟ್ಟಿನ ತುಂಡು ಹಿಡಿದು ನೋಡ್ರಿ. ಅಕಸ್ಮಾತ್ ತಾಗಿದ್ರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣ್ತದೆ, ನೋವೂ ಮೊದಲು ಅಷ್ಟಿರಲ್ಲ. ಬೆಳಿಗ್ಗೆ ನೋಡೋಣ ಅನ್ನದೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ, 'ಪ್ರೆಷರ್ ಡೀಸೆಲ್ ಒಳಗೆ ಹೊಕ್ಕಿದೆ' ಅಂತ ಡಾಕ್ಟರಿಗೆ ಬಿಡಿಸಿ ಹೇಳ್ರಿ. ತಡ ಮಾಡಿದ್ರೆ ಬೆರಳು ತೆಗೀಬೇಕಾದ ಹಂತಕ್ಕೂ ಹೋಗುತ್ತದೆ.