ಯುದ್ಧಕಾಲದಲ್ಲಿ ಪತ್ರಮುಖೇನ ಸಂಸಾರ ನಿರ್ವಹಣೆ

ಪತ್ರಲೇಖನವು ಪರೀಕ್ಷೆಯ ಅಂಕಗಳಿಗಾಗಿ ಕಲಿಯತಕ್ಕ ಪಾಠವೆಂದು ಹಲವರು ಎಣಿಸುವರು. ಆದರೆ 1939ರಿಂದ 1945ರ ವರೆಗಿನ ಮಹಾಯುದ್ಧದಲ್ಲಿ ಮನೆಯ ಗಂಡಸರು ಸೈನ್ಯ ಸೇರಿ ದೂರ ಹೋದಾಗ, ಹೊಲಮನೆ, ಸಾಲಸೋಲಗಳ ವ್ಯವಹಾರವೆಲ್ಲ ಪತ್ರದಿಂದಲೇ ನಡೆಯಬೇಕಾಯಿತು. ನಮ್ಮ ಸೀಮೆಯಲ್ಲಿ ಅದು ಎಷ್ಟು ಎಚ್ಚರಿಕೆಯ ಕಾರ್ಯವಾಗಿತ್ತೆಂಬುದನ್ನು ಇಲ್ಲಿ ವಿವರಿಸುವೆವು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ನಾಣ್ಯ, ತನ್ನದೇ ಫಸಲಿ ವರ್ಷಗಳಿದ್ದವು. ಸಂಸ್ಥಾನದ ಅಂಚೆಚೀಟಿಯು ಅದರ ಎಲ್ಲೆಯೊಳಗೆ ಮಾತ್ರ ಸಲ್ಲುತ್ತಿತ್ತು; ಸೊಲ್ಲಾಪುರ, ಮುಂಬಯಿಗಳಿಗೆ ಬರೆಯುವವರಿಗೆ ಬ್ರಿಟಿಷ್ ಭಾರತದ ಚೀಟಿ ಬೇಕಾಗಿತ್ತು.

ಹಣದ ವಿಷಯವು ಇನ್ನೂ ಸೂಕ್ಷ್ಮವಾದುದು. ಸಂಸ್ಥಾನದ 7 ಹಾಲಿ ರೂಪಾಯಿಗಳು ಸುಮಾರು 6 ಕಲ್ದಾರ ರೂಪಾಯಿಗಳಿಗೆ ಸಮವಾಗಿದ್ದವು. ಶಹಾಬಾದಿನ ಹಾಸುಗಲ್ಲಿನ ವ್ಯಾಪಾರಿಯೊಬ್ಬನು 70 ರೂಪಾಯಿ ಎಂದಷ್ಟೇ ಬರೆದು ಯಾವ ನಾಣ್ಯವೆಂಬುದನ್ನು ತಿಳಿಸದಿದ್ದರೆ 10 ಕಲ್ದಾರದ ವ್ಯಾಜ್ಯಕ್ಕೆ ಎಡೆಯಾಗುತ್ತಿತ್ತು. ಫಸಲಿ 1352 ಆರಂಭವಾದುದು 1942ರ ಅಕ್ಟೋಬರದಲ್ಲಿ. ಆದುದರಿಂದ ಸಾಲದ ವಾಯಿದೆಯನ್ನು ಬರೆಯುವಾಗ ಎರಡೂ ವರ್ಷಗಳನ್ನು ಕಾಣಿಸುವುದೇ ಕ್ಷೇಮವಾಗಿತ್ತು.

ಸೈನಿಕನಾದರೋ ತಾನಿರುವ ಸ್ಥಳವನ್ನು ಬರೆಯುವಂತಿರಲಿಲ್ಲ. ಅವನ ಪತ್ರಗಳನ್ನು ಪರಿಶೋಧಕರು ಓದುತ್ತಿದ್ದರು. 1941ರ ಡಿಸೆಂಬರದಲ್ಲಿ ಸಂಸ್ಥಾನದ ಒಂದನೆಯ ಹೈದರಾಬಾದು ಪದಾತಿದಳವು ಮಲಯದ ಕೋಟಾ ಭಾರುವಿನಲ್ಲಿ ಜಪಾನೀಯರನ್ನು ಎದುರಿಸಿತು. 1942ರ ಫೆಬ್ರವರಿ 15ರಂದು ಸಿಂಗಾಪುರವು ಶರಣಾಗಲು, ಸಹಸ್ರಾರು ಭಾರತೀಯ ಸೈನಿಕರು ಸೆರೆಯಾದರು. ಜಪಾನೀಯರ ವಶದಲ್ಲಿದ್ದ ಸೆರೆಯಾಳಿಗೆ ಕಳುಹುವ ಸಂದೇಶಕ್ಕೆ ಮುಂದೆ 25 ಪದಗಳ ಮಿತಿಯೂ ಬಂದಿತು. ಇಂತಹ ಸಮಯದಲ್ಲಿ ಹೊಲವನ್ನು ಪಾಲಿಗೆ ಕೊಡುವುದೋ, ಮಗಳ ವಿವಾಹವನ್ನು ನಿಶ್ಚಯಿಸುವುದೋ ಮನೆಯಲ್ಲಿದ್ದವಳ ವಿವೇಕಕ್ಕೇ ಬಿಟ್ಟುದಾಗಿತ್ತು.

ಆದಕಾರಣ ಜಾಣರಾದವರು ಪತ್ರಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದರು. ಯಾವುದು ಕಳೆದುಹೋಯಿತೆಂಬುದು ಅದರಿಂದ ತಿಳಿಯುತ್ತಿತ್ತು. ಹಣದ ಮೊತ್ತವನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಡುತ್ತಿದ್ದರು.

ಓದುಬರಹವಿಲ್ಲದ ಗೃಹಿಣಿಯ ಪಾಡನ್ನು ಯೋಚಿಸಿರಿ. ಗಂಡನ ಪತ್ರವನ್ನು ಅವಳು ಪರರಿಂದ ಓದಿಸಬೇಕು. ಓದುವವನು ಸಾಲ ಕೊಟ್ಟ ಸಾಹುಕಾರನೇ ಆಗಿದ್ದರೆ ಮನೆಯ ಗುಟ್ಟು ಉಳಿಯುವುದೆಂತು? ಅಂಥ ಮನೆಯಲ್ಲಿ ಶಾಲೆಗೆ ಹೋದ ಒಬ್ಬ ಹುಡುಗಿಯಿದ್ದರೆ ಅವಳೇ ಮನೆಗೆ ಕಣ್ಣು.

1950ರ ಏಪ್ರಿಲ್ 1ರಿಂದ ಸಂಸ್ಥಾನದ ಅಂಚೆಯು ಭಾರತದ ಅಂಚೆಯಲ್ಲಿ ಸೇರಿಹೋಯಿತು. ಹಾಲಿ ನಾಣ್ಯವೂ ಈಗಿಲ್ಲ. ಆದರೂ ಮಾತೆಯರೇ, ತಂದೆಗಳೇ, ಮನೆಯ ಲೆಕ್ಕವನ್ನೂ ಹಣದ ಪತ್ರವನ್ನೂ ನಿಮ್ಮ ಹೆಣ್ಣುಮಕ್ಕಳ ಕೈಯಿಂದ ಬರೆಯಿಸಿರಿ. ಅಗತ್ಯ ಬಂದ ದಿನ ಕಲಿಸುವೆವೆಂದರೆ ಆಗದು.